ಕಲ್ಲುಪಟ್ಟಿಯ ತೊಟ್ಟಿ

ಬಳ್ಳಿ ಕೀಳುವ ಯಂತ್ರದವನು ಬಂದು ಹೋದ ದಿನ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ ಯಾರಿಗೂ ಸೇರಲಿಲ್ಲ. ಅವನು ಕಲ್ಲುಪಟ್ಟಿಯನ್ನು ಒಂದು ಸುತ್ತು ಬಂದು, ಬೂಟಿನ ತುದಿಯಿಂದ ನಾಲ್ಕಾರು ಕಲ್ಲು ಒದ್ದು ನೋಡಿ, "ಎರಡು ದಿನದ ಕೆಲಸ. ಕೊಯ್ಲು ಮುಗಿದ ಮೇಲೆ ಫೋನ್ ಮಾಡಿ" ಎಂದು ಅಪ್ಪನ ಕೈ ಕುಲುಕಿ ಹೋಗಿದ್ದ. ಅಣ್ಣ ಟ್ರ್ಯಾಕ್ಟರಿನ ಮೇಲೆ ಕುಳಿತು ಅದನ್ನು ನೋಡಿದ್ದ.

ನಮ್ಮದು ದ್ರಾಕ್ಷಿ ತೋಟ. ಮನೆಯ ಕೆಳಗೆ ನೆಲಮಾಳಿಗೆಯಲ್ಲಿ ವೈನ್ ಮಾಡುತ್ತೇವೆ. ತೋಟದಲ್ಲಿ ಮೂರು ತುಂಡು ಇವೆ. ಹೊಳೆಯ ಪಕ್ಕದ್ದು ಕೆಳಗಿನದು, ರಸ್ತೆಗೆ ತಾಗಿದ್ದು ನಡುವಿನದು, ಗುಡ್ಡದ ನೆತ್ತಿಯದ್ದು ಕಲ್ಲುಪಟ್ಟಿ. ಕೆಳಗಿನದರಲ್ಲಿ ಒಂದು ಸಾಲಿಗೆ ನಾಲ್ಕು ಬುಟ್ಟಿ ಹಣ್ಣು ಸಿಕ್ಕಿದರೆ ಕಲ್ಲುಪಟ್ಟಿಯಲ್ಲಿ ಒಂದು ಬುಟ್ಟಿ. ಕಾಳು ಚಿಕ್ಕದು, ಸಿಪ್ಪೆ ದಪ್ಪ. ಬಳ್ಳಿಗಳು ತಾತ ನೆಟ್ಟವು. ಆಗ ಹೊಸದಾಗಿ ಮದುವೆಯಾಗಿ ಬಂದಿದ್ದ ಅಜ್ಜಿ ಅಲ್ಲಿನ ಕಲ್ಲನ್ನು ತಲೆಯ ಮೇಲೆ ಹೊತ್ತು ಅಂಚಿಗೆ ಹಾಕಿದ್ದಳಂತೆ. ಎಷ್ಟು ಹೊತ್ತರೂ ಕಲ್ಲು ಮುಗಿಯಲಿಲ್ಲ ಎಂದು ಈಗಲೂ ಹೇಳುತ್ತಾಳೆ.

"ಅದು ತಾತ ನೆಟ್ಟಿದ್ದು" ಎಂದ ಅಣ್ಣ, ಆಲೂಗಡ್ಡೆಯನ್ನು ಚಮಚದಿಂದ ಚಚ್ಚುತ್ತಾ.

"ತಾತನ ಹೆಸರು ಹೇಳಿದ್ರೆ ಹೊಟ್ಟೆ ತುಂಬತ್ತಾ? ಅದನ್ನ ಕಿತ್ತು ಹೊಸ ಸಸಿ ಹಾಕಿದ್ರೆ ಮೂರನೇ ವರ್ಷಕ್ಕೆ ನಾಲ್ಕರಷ್ಟು ಬರತ್ತೆ" ಎಂದರು ಅಪ್ಪ.

"ನಾಲ್ಕರಷ್ಟು ನೀರು ಬರತ್ತೆ."

"ನೀರಾದ್ರೂ ಸರಿ, ಟ್ಯಾಂಕರ್ ತುಂಬತ್ತೆ. ಇಪ್ಪತ್ತು ವರ್ಷದಿಂದ ನಮ್ಮ ವೈನ್ ಒಂದೇ ರುಚಿ. ಕಂಪನಿಯವರು ಕಣ್ಮುಚ್ಚಿ ತಗೊಂಡು ಹೋಗ್ತಾರೆ."

"ಕಣ್ಮುಚ್ಚಿ ಕುಡಿಯೋಕೇ ಸರಿ ಅದು."

ಅಮ್ಮ ಬ್ರೆಡ್ಡಿನ ತಟ್ಟೆಯನ್ನು ಇಬ್ಬರ ನಡುವೆ ಇಟ್ಟಳು. "ಜಗಳ ಆಡೋದಾದ್ರೆ ಬಿಸಿ ಇರುವಾಗಲೇ ತಿಂದು ಆಡಿ. ಎರಡೆರಡು ಸಲ ಕಾಯಿಸೋಕೆ ನನ್ನ ಕೈಲಾಗಲ್ಲ."

ಅಣ್ಣ ಎರಡು ವರ್ಷ ಬೇರೆಯವರ ತೋಟಗಳಲ್ಲಿ ಕೂಲಿ ಮಾಡಿ ಕಲಿತು ಬಂದವನು. ಬಂದ ಮೇಲೆ ಕಲ್ಲುಪಟ್ಟಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿದ. ಹೇಗೂ ಫಲ ಕಡಿಮೆ ಎಂದು ಅಪ್ಪ ಸುಮ್ಮನಿದ್ದರು. ಸಾಲುಗಳ ನಡುವೆ ಹುಲ್ಲು ಮೊಣಕಾಲಿಗೆ ಬಂತು. ದಾರಿಯಲ್ಲಿ ಹೋಗುವವರು, "ದ್ರಾಕ್ಷಿ ಬೆಳೀತಿದ್ದೀರೋ, ಮೇಕೆಗೆ ಮೇವು ಬೆಳೀತಿದ್ದೀರೋ?" ಎಂದು ಕೇಳಿ ನಗುತ್ತಿದ್ದರು. ಅಪ್ಪನಿಗೆ ಫಲ ಕಡಿಮೆಯಾದದ್ದಕ್ಕಿಂತ ಆ ನಗು ಹೆಚ್ಚು ಚುಚ್ಚಿತ್ತು. ಮೂರನೆಯ ವರ್ಷ ಎರೆಹುಳು ಬಂದವು, ಎಲೆ ದಪ್ಪವಾಯಿತು. ಅದನ್ನು ಕಂಡರೂ ಅಪ್ಪ ಬಾಯಿಬಿಟ್ಟು ಹೇಳಲಿಲ್ಲ.

"ಒಂದೇ ಒಂದು ತೊಟ್ಟಿ ಕೊಡಿ ಅಪ್ಪ" ಎಂದ ಅಣ್ಣ. "ಕಲ್ಲುಪಟ್ಟಿ ಹಣ್ಣನ್ನ ಬೇರೆಯಾಗಿ ಹಾಕ್ತೀನಿ. ಕೆಳಗಿನದರ ಜೊತೆ ಬೆರೆಸೋದು ಬೇಡ. ಆ ನೆಲ ಏನು ಹೇಳತ್ತೆ ಅಂತ ಒಂದು ಸಲ ಕೇಳೋಣ."

"ನೆಲ ಏನೂ ಹೇಳಲ್ಲ. ಹೇಳೋದೆಲ್ಲ ನೀನೇ."

"ಪ್ಯಾಕೆಟ್ ಯೀಸ್ಟ್ ಬೇಡ. ಹಣ್ಣಿನ ಸಿಪ್ಪೆ ಮೇಲೆ ಇರೋದೇ ಸಾಕು, ರಸ ತಾನಾಗಿ ಹುದುಗಿ ಕುದಿಯತ್ತೆ."

ಅಪ್ಪ ಚಮಚ ಕೆಳಗಿಟ್ಟರು. "ತಾನಾಗಿ ಕುದಿದಿದ್ದು ನಾನು ನೋಡಿದ್ದೀನಿ. ನನಗೆ ಹನ್ನೆರಡು ವರ್ಷ. ನಿಮ್ಮ ತಾತ ಪ್ಯಾಕೆಟ್ ಬೇಡ ಅಂತಿದ್ದೋರು. ಇಡೀ ವರ್ಷದ ರಸ ಹುಳಿಯಾಗಿ ಕೂತ್ಕೊಳ್ತು. ಆ ವರ್ಷ ನಾವು ಕೈಗಾಡಿಲಿ ವಿನೆಗರ್ ಮಾರಿದ್ವಿ. ನಾನು ಗಾಡಿ ತಳ್ಳಿದೆ. ಶಾಲೆ ಅಲ್ಲಿಗೆ ಮುಗೀತು."

ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಮೆಲ್ಲುತ್ತಿದ್ದಳು, ಕತ್ತೆತ್ತಲಿಲ್ಲ.

ಕೊನೆಗೆ ಅಪ್ಪನೇ ಹೇಳಿದರು: "ಆಯ್ತು. ಮೂಲೆಯ ಮರದ ತೊಟ್ಟಿ ತಗೋ. ಎಂಟು ದಿನ. ತಾನಾಗಿ ಕುದಿದ್ರೆ ಬಳ್ಳಿ ಇರತ್ತೆ, ಯಂತ್ರದವನಿಗೆ ಬೇಡ ಅಂತ ನಾನೇ ಫೋನ್ ಮಾಡ್ತೀನಿ. ಒಂದು ಚಮಚ ಯೀಸ್ಟ್ ಆ ತೊಟ್ಟಿಗೆ ಬಿತ್ತೋ, ಕೊಯ್ಲು ಮುಗಿದ ಮಾರನೇ ದಿನ ಯಂತ್ರ ಬರತ್ತೆ. ಮಾತು ಅಂದ್ರೆ ಮಾತು."

"ಮಾತು ಅಂದ್ರೆ ಮಾತು" ಎಂದ ಅಣ್ಣ.

ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಹೊಗೆ ಹಿಡಿದ ಪಾತ್ರೆ ಉಜ್ಜುತ್ತಿದ್ದೆ. ನಲ್ಲಿ ಸದ್ದಿನಲ್ಲಿ ನನಗೆ ಕೇಳಿಸಿದ್ದು ಎಂಟು ದಿನ, ಮೂಲೆಯ ತೊಟ್ಟಿ, ಯಂತ್ರ ಎಂಬ ಮಾತುಗಳಷ್ಟೇ. ಉಳಿದದ್ದೆಲ್ಲ ಆಮೇಲೆ ಅಮ್ಮ ಹೇಳಿ ಗೊತ್ತಾದದ್ದು.

ಎಂಟನೇ ತರಗತಿ ಬಿಟ್ಟಾಗಿನಿಂದ ನೆಲಮಾಳಿಗೆ ತೊಳೆಯುವುದು ನನ್ನ ಕೆಲಸ. ಸದ್ದಿಲ್ಲದೆ ಓಡಾಡುತ್ತೇನೆಂದು ಅಣ್ಣ ನನ್ನನ್ನು ಬೆಕ್ಕು ಎಂದು ಕರೆಯುತ್ತಾನೆ. ಕೊಯ್ಲಿನ ಹಿಂದಿನ ದಿನ ಒಂದು ಕ್ರಮವಿದೆ. ಮರದ ತೊಟ್ಟಿಯ ಒಳಗಿಳಿದು ಬ್ರಷ್ಷಿನಿಂದ ಉಜ್ಜಬೇಕು, ಬಿಸಿನೀರು ಸುರಿಯಬೇಕು, ಒರೆಸಿ ಒಣಗಿಸಬೇಕು. ಆಮೇಲೆ ತಂತಿಗೆ ಗಂಧಕದ ಬತ್ತಿ ಸಿಕ್ಕಿಸಿ ಹಚ್ಚಿ, ತೊಟ್ಟಿಯೊಳಗೆ ಇಳಿಬಿಟ್ಟು ಮುಚ್ಚಳ ಹಾಕಬೇಕು. ಅದರ ಹೊಗೆಗೆ ಮರದ ಸಂದಿಯ ಬೂಷ್ಟು, ಹುಳಿ, ಎಲ್ಲ ಸಾಯುತ್ತವೆ. ಬತ್ತಿ ಹಚ್ಚಿದ ಮೇಲೆ ರಸ ಬೀಳುವವರೆಗೆ ನೀರು ಮುಟ್ಟಿಸಬಾರದು. ಒಂದು ತೊಟ್ಟಿಗೆ ಒಂದು ಬತ್ತಿ ಸಾಕು.

ಮೂಲೆಯ ತೊಟ್ಟಿ ಹಳೆಯದು. ಅಣ್ಣನದು ಬೇರೆ, ಅದರಲ್ಲಿ ಏನೂ ಕೆಡಬಾರದು. ನಾನು ಎರಡು ಬತ್ತಿ ಹಚ್ಚಿದೆ.

ಕಲ್ಲುಪಟ್ಟಿಯನ್ನು ಒಂದೇ ಬೆಳಗ್ಗೆ ಕೊಯ್ದು ಮುಗಿಸಿದೆವು. ಹಣ್ಣನ್ನು ತುಳಿದು ತೊಟ್ಟಿಗೆ ಹಾಕಿದಾಗ ಅದು ಮುಕ್ಕಾಲು ಭಾಗ ತುಂಬಿತು. ಅಣ್ಣ ಉದ್ದ ಕೋಲಿನಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಸಿಪ್ಪೆಯನ್ನು ಕೆಳಕ್ಕೆ ಒತ್ತುತ್ತಿದ್ದ. ಎರಡನೇ ದಿನ ಏನೂ ಆಗಲಿಲ್ಲ. ಮೂರನೇ ದಿನವೂ ಇಲ್ಲ. ಅಜ್ಜಿ ತನ್ನ ಕುರ್ಚಿಯನ್ನು ನೆಲಮಾಳಿಗೆಗೆ ತರಿಸಿಕೊಂಡು, ತೊಟ್ಟಿಯ ಹಲಗೆಗೆ ಕಿವಿಯಿಟ್ಟು ಕುಳಿತಳು.

"ಏನಾದ್ರೂ ಕೇಳಿಸ್ತಾ ಅಜ್ಜಿ?"

"ಕೇಳಿಸ್ತು. ನಿಮ್ಮಪ್ಪ ಮೆಟ್ಟಿಲ ಮೇಲೆ ನಿಂತು ನಗ್ತಿರೋದು."

ಅಪ್ಪ ನಿಜವಾಗಿಯೂ ಮೆಟ್ಟಿಲ ಮೇಲೆ ನಿಂತಿದ್ದರು. ಆದರೆ ನಗುತ್ತಿರಲಿಲ್ಲ.

ನಾಲ್ಕನೇ ದಿನ ಅಣ್ಣ ತಾನು ಮೊದಲು ಕೆಲಸಕ್ಕಿದ್ದ ತೋಟದ ಮೇಸ್ತ್ರಿಗೆ ಫೋನ್ ಮಾಡಿದ. ನಾನು ಬಕೆಟ್ ಹಿಡಿದು ಪಕ್ಕದಲ್ಲೇ ಇದ್ದೆ. ಮೇಸ್ತ್ರಿಯ ದನಿ ಫೋನಿನಿಂದ ಹೊರಕ್ಕೆ ಕೇಳುವಷ್ಟು ದೊಡ್ಡದು.

"ತಣ್ಣಗಿದೆಯಾ ಜಾಗ?"

"ಇಲ್ಲ, ಬೆಚ್ಚಗಿದೆ."

"ಹಣ್ಣಿಗೆ ಏನಾದ್ರೂ ಹೊಡೆದಿದ್ರಾ?"

"ಮೂರು ವರ್ಷದಿಂದ ಏನೂ ಇಲ್ಲ."

"ಹಂಗಾದ್ರೆ ತೊಟ್ಟಿಗೆ ಗಂಧಕ ಹೊಗೆ ಹಾಕಿರ್ಬೇಕು ನೋಡು. ಪ್ಯಾಕೆಟ್ ಯೀಸ್ಟ್ ಗಟ್ಟಿ ಪಿಂಡ, ಗಂಧಕಕ್ಕೆಲ್ಲ ಜಗ್ಗಲ್ಲ. ಸಿಪ್ಪೆ ಮೇಲಿಂದು ಪಾಪದ್ದು, ಹೊಗೆ ಬಡಿದ್ರೆ ಏಳೋದೇ ಇಲ್ಲ."

"ಇಲ್ಲ ಇಲ್ಲ, ಗಂಧಕ ಯಾಕೆ ಹಾಕೋಣ?" ಎಂದ ಅಣ್ಣ.

ನನ್ನ ಬಕೆಟ್ಟಿನ ನೀರು ಕಾಲ ಮೇಲೆ ಚೆಲ್ಲಿತು. ಅಣ್ಣ ತಿರುಗಿ, "ನೋಡ್ಕೊಂಡು ಬೆಕ್ಕು" ಎಂದನೇ ಹೊರತು ಬೇರೇನೂ ಕೇಳಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮೆಟ್ಟಿಲು ಹತ್ತಿಯಾಗಿತ್ತು.

ಆ ಸಂಜೆ ಅಮ್ಮನ ಜೊತೆ ಬಟಾಣಿ ಬಿಡಿಸುತ್ತಾ ಹೇಳಿದೆ.

"ಎಷ್ಟು ಬತ್ತಿ?" ಎಂದಳು ಅಮ್ಮ.

"ಎರಡು."

"ಒಂದು ಸಾಲದು ಅಂತ ಎರಡು." ಅಮ್ಮ ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಈಗ ಹೋಗಿ ಅಣ್ಣನಿಗೆ..."

"ಬೇಡ. ನಿಮ್ಮಣ್ಣ ನಿನ್ನ ಮೇಲೆ ಹಾರಾಡ್ತಾನೆ. ನಿಮ್ಮಪ್ಪ, ನೋಡಿದ್ಯಾ ನಾನು ಹೇಳಿರಲಿಲ್ವಾ ಅಂತಾರೆ. ಆಮೇಲೆ ಇವನು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಮತ್ತೆ ಯಾರದೋ ತೋಟಕ್ಕೆ ಹೋಗ್ತಾನೆ. ಎರಡು ವರ್ಷ ಅವನ ತಟ್ಟೆ ಕಪಾಟಿನಲ್ಲಿ ಮಗುಚಿ ಇಟ್ಟಿದ್ದು ಸಾಕು ನನಗೆ. ನೀನು ಸುಮ್ಮನಿರು."

ಸುಮ್ಮನಿರುವುದು ನನಗೆ ಬರುವ ಕೆಲಸ. ಸುಮ್ಮನಿದ್ದೆ.

ಐದನೇ ದಿನ ತೊಟ್ಟಿಯ ಮೇಲೆ ನೊಣ ಕೂರತೊಡಗಿದವು. ಅಣ್ಣನಿಗೆ ಊಟ ಬೇಡವಾಯಿತು. ಅಪ್ಪ ಅವನ ತಟ್ಟೆಗೆ ಮೊಟ್ಟೆ ಹಾಕಿ, "ತಿನ್ನು. ಹಸ್ಕೊಂಡ್ರೆ ತೊಟ್ಟಿ ಕುದಿಯಲ್ಲ" ಎಂದರು. ಅದು ಗೇಲಿಯೋ ಸಮಾಧಾನವೋ ಗೊತ್ತಾಗದೆ ಅಣ್ಣ ತಿಂದ.

ಆರನೇ ದಿನ ಅಜ್ಜಿಯೂ ಸೇರಿ ನಾವೆಲ್ಲ ಕೆಳಗಿನ ತುಂಡಿನಲ್ಲಿ ಕೊಯ್ಲಿಗಿದ್ದೆವು. ಹನ್ನೊಂದು ಗಂಟೆಗೆ ಅಮ್ಮ ಕತ್ತರಿಯನ್ನು ನನ್ನ ಬುಟ್ಟಿಗೆ ಹಾಕಿ, "ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ" ಎಂದು ಮನೆ ಕಡೆ ಹೊರಟಳು. ಹಾಲನ್ನು ಬೆಳಗ್ಗೆಯೇ ಕಾಯಿಸಿ ಮುಚ್ಚಿಟ್ಟಿದ್ದು ನಾನು.

ಏಳನೇ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಕೂಗಿದ್ದು ಅಜ್ಜಿ. ಕಿವಿ ಹಲಗೆಗೆ ಅಂಟಿಸಿಯೇ ಕೂಗಿದಳು: "ಬನ್ರೋ. ಒಳಗೆ ಮಳೆ ಹುಯ್ದ ಹಾಗೆ ಕೇಳ್ತಿದೆ."

ಸಿಪ್ಪೆ ಉಬ್ಬಿ ಮೇಲೆ ಬಂದಿತ್ತು. ಅಂಚಿನಲ್ಲಿ ನೇರಳೆ ಬಣ್ಣದ ನೊರೆ. ಅಣ್ಣ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಲು ಹೋದ. ಅವಳು ಅವನ ತಲೆಗೆ ಕೋಲಿನಿಂದ ಕುಟ್ಟಿದಳು. ಅಪ್ಪ ಬಂದು ತೊಟ್ಟಿಯ ಹೊಟ್ಟೆಗೆ ಅಂಗೈ ಇಟ್ಟು ಬಿಸಿ ನೋಡಿದರು, ಬಗ್ಗಿ ಮೂಸಿದರು. "ಹೂಂ" ಎಂದರು. ಮೇಲೆ ಹೋಗಿ ಯಂತ್ರದವನಿಗೆ ಫೋನ್ ಮಾಡಿ, ನಾವೆಲ್ಲ ಕೇಳುವ ಹಾಗೆ, "ಬೇಡಪ್ಪ, ಈ ವರ್ಷ ಬೇಡ" ಎಂದರು.

ನಾನು ಕಪಾಟು ತೆಗೆದು ನೋಡಿದೆ. ಯೀಸ್ಟಿನ ಡಬ್ಬದಲ್ಲಿ ಹನ್ನೊಂದು ಪ್ಯಾಕೆಟ್ ಇರಬೇಕಿತ್ತು, ಹತ್ತು ಇದ್ದವು. ಒಲೆಯ ಬೂದಿ ತೆಗೆಯುವಾಗ ಬೆಳ್ಳಿ ಬಣ್ಣದ ಹಾಳೆಯ ಒಂದು ತುಂಡು ಸಿಕ್ಕಿತು. ಅದರ ಅಂಚು ಮಾತ್ರ ಸುಟ್ಟಿತ್ತು.

"ಏನ್ ನೋಡ್ತಾ ಕೂತಿದ್ದೀಯ?" ಎಂದಳು ಅಮ್ಮ ನನ್ನತ್ತ ತಿರುಗದೆ. "ಬೂದಿ ತಗೊಂಡು ಹೋಗಿ ಗಿಡಕ್ಕೆ ಹಾಕು."

ಬೂದಿಯನ್ನು ಗಿಡಕ್ಕೆ ಹಾಕಿದೆ. ಹಾಳೆಯನ್ನು ನನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಯಾಕೆ ಎಂದು ಆಗ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಆಮೇಲಿನ ವಾರಗಳು ನಮ್ಮ ಮನೆಯಲ್ಲಿ ಚೆನ್ನಾಗಿದ್ದವು. ಅದೇ ಕಷ್ಟವಾಯಿತು. ಕುದಿ ಇಳಿದ ಮೇಲೆ ಸಿಪ್ಪೆ ಹಿಂಡಿ ವೈನನ್ನು ಮೂರು ಪೀಪಾಯಿಗೆ ತುಂಬಿದೆವು. ಅಪ್ಪ ನೆಲಮಾಳಿಗೆಗೆ ಹೋಗಲು ನೆಪ ಹುಡುಕತೊಡಗಿದರು. ಸುತ್ತಿಗೆ ಮರೆತೆ ಎನ್ನುವರು, ದೀಪ ಆರಿಸಿದೆನೋ ಇಲ್ಲವೋ ಎನ್ನುವರು. ಬರುವಾಗ ಮೀಸೆ ಒದ್ದೆಯಾಗಿರುತ್ತಿತ್ತು.

ಒಂದು ಭಾನುವಾರ ಊಟಕ್ಕೆ ಕುಳಿತಾಗ ಅಣ್ಣ ಎರಡು ಲೋಟ ತಂದಿಟ್ಟ. "ಯಾವುದು ಯಾವುದು ಹೇಳಿ ನೋಡೋಣ."

ಅಪ್ಪ ಒಂದನ್ನು ಮೂಸಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ಕುಡಿದು, ಬಾಯೊಳಗೇ ತಿರುಗಿಸಿ ನುಂಗಿದರು. "ಮಳೆ ಬಿದ್ದ ಮೇಲೆ ಕಲ್ಲುಪಟ್ಟಿಲಿ ನಿಂತ ಹಾಗಿದೆ" ಎಂದರು. ಹೇಳಿದ ಮೇಲೆ ತಮಗೇ ನಾಚಿಕೆಯಾದವರಂತೆ ಬ್ರೆಡ್ಡಿಗೆ ಕೈ ಹಾಕಿದರು.

"ನೆಲ ಏನೂ ಹೇಳಲ್ಲ ಅಂತಿದ್ರಿ."

"ಈಗಲೂ ಹೇಳಲ್ಲ. ಗೊಣಗತ್ತೆ ಅಷ್ಟೇ." ಬ್ರೆಡ್ಡು ಮುರಿದುಕೊಂಡು, "ಬರೋ ವರ್ಷ ನಡುವಿನ ತುಂಡಿಗೂ ಔಷಧಿ ನಿಲ್ಲಿಸಿ ನೋಡೋಣ. ಅರ್ಧಕ್ಕೆ ಮಾತ್ರ. ಕುಣಿಬೇಡ" ಎಂದರು.

ಅಮ್ಮ ಆ ದಿನ ಉಪ್ಪನ್ನು ಎರಡು ಸಲ ಹಾಕಿದ್ದಳು. ಯಾರಿಗೂ ಗೊತ್ತಾಗಲಿಲ್ಲ. ನಾನು ತಟ್ಟೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತಳು.

"ಚೆನ್ನಾಗೇ ಇದೆಯಲ್ಲ" ಎಂದಳು.

"ಚೆನ್ನಾಗಿದೆ."

"ಮತ್ತೆ ಮುಖ ಯಾಕೆ ಹಾಗೆ ಇಟ್ಕೊಂಡಿದ್ದೀಯ?"

"ನೀನು ಯಾಕೆ ಎರಡು ಸಲ ಉಪ್ಪು ಹಾಕ್ದೆ?"

ಅಮ್ಮ ಒರೆಸುವ ಬಟ್ಟೆಯನ್ನು ನನ್ನ ಹೆಗಲ ಮೇಲೆ ಎಸೆದು ಹೋದಳು.

ಪಟ್ಟಣದಲ್ಲಿ ಹೋಟೆಲ್ ನಡೆಸುವ ಒಬ್ಬ ಹೆಂಗಸು ಬಂದದ್ದು ಚಳಿ ಶುರುವಾದ ಮೇಲೆ. ಅಣ್ಣನ ಮೇಸ್ತ್ರಿ ಅವಳಿಗೆ ಹೇಳಿದ್ದನಂತೆ. ದಪ್ಪ ಕೋಟು, ಗಂಡಸರ ಬೂಟು. ನೇರ ಕಲ್ಲುಪಟ್ಟಿಗೆ ಹತ್ತಿ, ಒಂದು ಹಿಡಿ ಮಣ್ಣು ತೆಗೆದು ಪುಡಿ ಮಾಡಿ ನೋಡಿದಳು. ಆಮೇಲೆ ನೆಲಮಾಳಿಗೆಗೆ ಬಂದು ಮೂರು ಪೀಪಾಯಿಯಿಂದಲೂ ರುಚಿ ನೋಡಿದಳು.

"ಏನೇನು ಹಾಕಿದ್ದೀರ?"

"ಹಣ್ಣು. ಅಷ್ಟೇ" ಎಂದ ಅಣ್ಣ.

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ, "ನಾನು ಪಂತ ಸೋತಿದ್ದೀನಿ ಮೇಡಮ್, ಸಾಕ್ಷಿ ನಾನೇ" ಎಂದರು. ಎದೆ ಸ್ವಲ್ಪ ಮುಂದೆ ಬಂದಿತ್ತು. ಸೋತದ್ದಕ್ಕೆ ಇಷ್ಟು ಹೆಮ್ಮೆಪಟ್ಟವರನ್ನು ನಾನು ನೋಡಿರಲಿಲ್ಲ.

"ಮೂರೂ ನನಗೆ" ಎಂದಳು ಅವಳು. "ಆದ್ರೆ ಬಾಟಲಿ ಮೇಲೆ ಎಲ್ಲಾ ಬರೀಬೇಕು. ಯಾವ ತುಂಡು, ಯಾವ ವರ್ಷ, ಔಷಧಿ ಹೊಡೆದಿಲ್ಲ, ಹೊರಗಿಂದ ಏನೂ ಸೇರಿಸಿಲ್ಲ ಅಂತ. ಕೈಬರಹದಲ್ಲಿ ಬರೆದು ಅಚ್ಚು ಹಾಕಿಸಿ. ನನ್ನ ಹೋಟೆಲಿಗೆ ಬರೋರು ಓದಿ ಕುಡಿಯೋ ಜನ."

ಮಾರನೇ ದಿನ ಮಧ್ಯಾಹ್ನ ಊಟದ ತಟ್ಟೆ ಎತ್ತಿದ ಮೇಲೆ ಅಣ್ಣ ಮೇಜಿನ ಮೇಲೆ ಬಿಳಿ ಹಾಳೆ, ಶಾಯಿ, ಪೆನ್ನು ಇಟ್ಟ. "ಬೆಕ್ಕು, ನೀನೇ ಬರಿ. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ."

ಶಾಲೆಯಲ್ಲಿ ನನಗೆ ಸಿಕ್ಕ ಒಂದೇ ಬಹುಮಾನ ಅಕ್ಷರಕ್ಕೆ. ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಹಿಂದೆ ನಿಂತರು. ಅಜ್ಜಿ ಕುರ್ಚಿ ಎಳೆದುಕೊಂಡಳು. ಅಮ್ಮ ಒಲೆಯ ಹತ್ತಿರ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಅಣ್ಣ ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಕಲ್ಲುಪಟ್ಟಿ. ಕೆಳಗೆ ವರ್ಷ. ಅದರ ಕೆಳಗೆ, ಹಳೆಯ ಬಳ್ಳಿಗಳ ಹಣ್ಣು. ಅದರ ಕೆಳಗೆ, ಮೂರು ವರ್ಷದಿಂದ ಔಷಧಿ ಸಿಂಪಡಿಸಿಲ್ಲ.

"ಈಗ ಕೊನೇ ಸಾಲು. ಹೊರಗಿನಿಂದ ಏನನ್ನೂ ಸೇರಿಸಿಲ್ಲ."

ನನ್ನ ಪೆನ್ನು ಹಾಳೆಯ ಮೇಲೆ ನಿಂತಿತು.

"ಏನಾಯ್ತು, ಶಾಯಿ ಮುಗೀತಾ?"

"ಇಲ್ಲ."

"ಮತ್ತೆ?"

"ಇದನ್ನ ನಾನು ಬರೆಯಲ್ಲ" ಎಂದೆ. ಏಪ್ರನ್ನಿನ ಜೇಬಿಗೆ ಕೈ ಹಾಕಿ, ಅಂಚು ಸುಟ್ಟ ಬೆಳ್ಳಿ ಹಾಳೆಯನ್ನು ಮೇಜಿನ ಮೇಲೆ ಇಟ್ಟೆ.

ಅಪ್ಪನಿಗೆ ಅದು ಏನೆಂದು ಹೇಳಬೇಕಾಗಿರಲಿಲ್ಲ. ಇಪ್ಪತ್ತು ವರ್ಷ ಆ ಪ್ಯಾಕೆಟ್ಟುಗಳನ್ನು ಹರಿದವರು ಅವರೇ. ಅಣ್ಣನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ಯಾರು ಹಾಕಿದ್ದು?"

ನಾನು ಅಮ್ಮನ ಕಡೆ ನೋಡದಿರಲು ಎಷ್ಟು ಪ್ರಯತ್ನಪಟ್ಟೆನೆಂದರೆ ಎಲ್ಲರಿಗೂ ಗೊತ್ತಾಯಿತು.

"ನಾನು" ಎಂದಳು ಅಮ್ಮ, ಬೇಳೆಯಿಂದ ಕೈ ತೆಗೆಯದೆ. "ಆರನೇ ದಿನ. ಬೆಚ್ಚಗಿನ ನೀರಲ್ಲಿ ಕದಡಿ ಹಾಕ್ದೆ. ಏನೀಗ?"

"ಏನೀಗ ಅಂತೀಯಲ್ಲಮ್ಮ. ಇನ್ನೂ ಎರಡು ದಿನ ಇತ್ತು. ತಾನಾಗೇ ಏಳ್ತಿತ್ತೋ ಏನೋ."

"ಏಳದೇ ಇದ್ದಿದ್ರೆ? ನೀನು ಮತ್ತೆ ಬ್ಯಾಗ್ ಹೊತ್ಕೊಂಡು ಹೋಗ್ತಿದ್ದೆ."

"ಹೋಗ್ತಿರಲಿಲ್ಲ."

"ಹೋದ ಸಲವೂ ಹಾಗೇ ಅಂದಿದ್ದೆ."

ಅಣ್ಣ ನನ್ನ ಕಡೆ ತಿರುಗಿದ. "ನಿನಗೆ ಗೊತ್ತಿತ್ತು. ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಅದು ಏಳದೇ ಇದ್ದಿದ್ದು ನನ್ನಿಂದ" ಎಂದೆ. "ನಾನು ಬತ್ತಿ ಹಚ್ಚಿದ್ದೆ. ಎರಡು. ನಿನ್ನ ತೊಟ್ಟಿ ಅಂತ ಎರಡು. ಹಚ್ಚಬಾರದು ಅಂತ ನನಗೆ ಯಾರೂ ಹೇಳಲಿಲ್ಲ."

"ನಾನು ಅಪ್ಪನಿಗೆ ಹೇಳಿದ್ದೆ."

"ನಾನು ನಿಮ್ಮಮ್ಮನಿಗೆ ಹೇಳಿದ್ದೆ" ಎಂದರು ಅಪ್ಪ.

"ನನಗೆ ಹೇಳಿದ್ದು ಪ್ಯಾಕೆಟ್ ಬೇಡ ಅಂತ. ಬತ್ತಿ ಸುದ್ದಿ ಎತ್ತಲೇ ಇಲ್ಲ ನೀವು" ಎಂದಳು ಅಮ್ಮ.

ಅಜ್ಜಿ ಕೋಲನ್ನು ನೆಲಕ್ಕೆ ಒಮ್ಮೆ ಬಡಿದಳು. "ಮೂರು ವರ್ಷ ಈ ಮನೇಲಿ ಗಂಟಲು ಹರಿಯೋ ಹಾಗೆ ಕೂಗಾಡಿದ್ರಿ. ತೊಟ್ಟಿ ತೊಳೆಯೋಳಿಗೆ ಒಂದು ಮಾತು ಹೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ."

ಅಮ್ಮ ಬೇಳೆಯಿಂದ ಇನ್ನೊಂದು ಕಲ್ಲು ಆರಿಸಿ ತಟ್ಟೆಗೆ ಹಾಕಿದಳು. ಆಮೇಲೆ ಅಪ್ಪ ಕನ್ನಡಕ ತೆಗೆದು ಮಡಚಿದರು. "ಮಾತು ಅಂದ್ರೆ ಮಾತು ಅಂದಿದ್ವಿ" ಎಂದರು ಮೆಲ್ಲಗೆ. ಗೆದ್ದವರ ದನಿ ಅಲ್ಲ ಅದು.

"ಯಂತ್ರದವನನ್ನ ಕರೆಸ್ತೀರಾ?" ಎಂದ ಅಣ್ಣ.

"ಒಂದು ಚಮಚ ಬಿದ್ರೆ ಅಂದಿದ್ದೆ. ಪ್ಯಾಕೆಟ್ಟೇ ಬಿದ್ದಿದೆ. ಅವತ್ತು ಏನಾಯ್ತು ಅಂತ ನಾನು ನೋಡಿದ್ದೀನಿ. ಆ ಕೈಗಾಡಿ..."

"ಅವತ್ತು ಏನಾಯ್ತು ಅಂತ ನಿನಗೆ ಗೊತ್ತಿಲ್ಲ" ಎಂದಳು ಅಜ್ಜಿ.

ಅಪ್ಪ ತಿರುಗಿದರು.

"ಆ ಕಾಲದಲ್ಲಿ ಕೊಯ್ಲಿಗೆ ಐದು ದಿನ ಮುಂಚೆ ನಮ್ಮತ್ತೆ ಕಲ್ಲುಪಟ್ಟಿಯಿಂದ ಒಂದು ಬುಟ್ಟಿ ಹಣ್ಣು ತರ್ತಿದ್ರು. ಬಕೆಟ್ಟಲ್ಲಿ ಹಿಸುಕಿ, ಬಟ್ಟೆ ಕಟ್ಟಿ, ಒಲೆ ಪಕ್ಕ ಇಡೋರು. ಅದು ಬುರುಬುರು ಅಂತ ಎದ್ದ ಮೇಲೆ ತೊಟ್ಟಿಗೆ ಸುರಿಯೋದು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದೂ ಅದೇ ಹಣ್ಣು, ಅದೇ ನೆಲ, ಹೊರಗಿಂದು ಏನಲ್ಲ. ಅವರು ಹೋದ ಮೇಲೆ ನಾನು ಇಡ್ತಿದ್ದೆ. ಗಂಡಸರು ತೊಟ್ಟಿ ತಾನಾಗೇ ಕುದೀತು ಅಂತ ಮೀಸೆ ತಿರುವೋರು."

"ಮತ್ತೆ ಆ ವರ್ಷ?"

"ಆ ವರ್ಷ ನಿನ್ನ ತಂಗಿ ಹುಟ್ಟಿದ್ದು. ಒಂದು ತಿಂಗಳು ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ಬಕೆಟ್ ಇಡೋರಿರಲಿಲ್ಲ. ಏನಾಯ್ತು ಅಂತ ನಿಮ್ಮಪ್ಪ ಊರೆಲ್ಲ ಕೇಳಿದ್ರು, ನನ್ನ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ರೆ ನನ್ನ ತಪ್ಪು ಅಂತಾರೆ ಅಂತ ಭಯ. ಮಾರನೇ ವರ್ಷ ಪ್ಯಾಕೆಟ್ ಬಂತು." ಅಜ್ಜಿ ನನ್ನ ಕಡೆ ಕೋಲು ತೋರಿಸಿದಳು. "ಇವಳಿಗಾದ್ರೂ ಎರಡು ತಿಂಗಳಲ್ಲಿ ಬಾಯಿ ಬಂತು. ನನಗೆ ನಲವತ್ತು ವರ್ಷ ಬೇಕಾಯ್ತು."

ಅಪ್ಪ ಕೋಟು ಹಾಕಿಕೊಂಡು ಹೊರಟರು. ಕಿಟಕಿಯಿಂದ ನೋಡಿದೆ. ಕಲ್ಲುಪಟ್ಟಿಯ ದಾರಿ ಹಿಡಿದು ಹೋಗುತ್ತಿದ್ದರು.

ಬಳ್ಳಿ ಸವರುವ ಕಾಲ ಬಂದಿತ್ತು. ಅಣ್ಣ ಕೆಳಗಿನದನ್ನು ಸವರಿದ, ನಡುವಿನದನ್ನು ಸವರಿದ, ಕಲ್ಲುಪಟ್ಟಿಯ ಅಂಚಿಗೆ ಬಂದು ಕತ್ತರಿ ಜೇಬಿಗೆ ಹಾಕಿ ವಾಪಸ್ಸಾದ. ಕೀಳುವ ಬಳ್ಳಿಯನ್ನು ಯಾರೂ ಸವರುವುದಿಲ್ಲ. ನನ್ನೊಡನೆ ಅವನು ಮಾತಾಡಲಿಲ್ಲ. ಆದರೆ ಸಂಜೆ ನಾನು ನೀರು ಹೊರುವಾಗ ಬಂದು ಒಂದು ಬಕೆಟ್ ಕಿತ್ತುಕೊಂಡು ತಾನೇ ಹೊತ್ತ.

ಹೋಟೆಲಿನವಳಿಗೆ ಫೋನ್ ಮಾಡಿದ್ದೂ ಅವನೇ. ಎಲ್ಲವನ್ನೂ ಹೇಳಿದ, ಬತ್ತಿಯಿಂದ ಹಿಡಿದು ಬೇಳೆಯವರೆಗೆ. ಅಪ್ಪ ಬಾಗಿಲಿಗೆ ಒರಗಿ ಕೇಳುತ್ತಿದ್ದರು. ಫೋನಿಟ್ಟು ಅಣ್ಣ ಹೇಳಿದ: "ಒಂದು ಪೀಪಾಯಿ ತಗೋತಾರಂತೆ. ಕೊನೇ ಸಾಲು ಬಿಟ್ಟು ಬರೆಯೋಕೆ ಹೇಳಿದ್ರು. ಬರೋ ವರ್ಷ ಬಂದು ನೋಡ್ತಾರಂತೆ."

"ಉಳಿದ ಎರಡು?" ಎಂದಳು ಅಮ್ಮ.

"ಟ್ಯಾಂಕರಿಗೆ" ಎಂದರು ಅಪ್ಪ. "ಕಂಪನಿಯವರು ಒಂದು ವರ್ಷ ಕಣ್ಣು ಬಿಟ್ಟು ಕುಡೀಲಿ."

ಅಣ್ಣ ನಗಲಿಲ್ಲ. ಬರೋ ವರ್ಷ ಎಂದರೆ ಏನು ಎಂದು ಕೇಳಬೇಕೆಂದು ಅವನ ಬಾಯಿ ತುದಿಗೆ ಬಂದದ್ದು ನನಗೆ ಕಾಣಿಸಿತು. ಕೇಳದೆ ಎದ್ದುಹೋದ.

ಶನಿವಾರ ಅಚ್ಚಿನವನಿಗೆ ಹಾಳೆ ಕೊಡಬೇಕಿತ್ತು. ಮೇಜು ಒರೆಸಿ ಹೊಸ ಹಾಳೆ ಹಾಕಿಕೊಂಡೆ. ನಾಲ್ಕು ಸಾಲುಗಳನ್ನು, ಕೆಳಗೆ ಜಾಗ ಉಳಿಯದ ಹಾಗೆ ಬಿಡಿಸಿ ಬಿಡಿಸಿ ದೊಡ್ಡದಾಗಿ ಬರೆಯತೊಡಗಿದೆ. ಅಪ್ಪ ಬಂದು ಕನ್ನಡಕ ಹಾಕಿಕೊಂಡು ನೋಡಿದರು.

"ಇಷ್ಟು ದೊಡ್ಡದು ಯಾಕೆ? ಚಿಕ್ಕದಾಗಿ ಬರಿ. ಕೆಳಗೆ ಒಂದು ಸಾಲಿನ ಜಾಗ ಬಿಡು."

"ಅಲ್ಲಿ ಏನೂ ಇಲ್ಲವಲ್ಲ ಅಪ್ಪ. ಖಾಲಿ ಕಾಣತ್ತೆ."

"ಕಾಣಲಿ. ಬರೋ ವರ್ಷ ಮತ್ತೆ ಹೊಸ ಅಚ್ಚು ಮಾಡಿಸೋಕೆ ನಾನು ಅವನ ಹತ್ರ ಹೋಗಲ್ಲ. ವರ್ಷ ತಿದ್ದಿ, ಆ ಸಾಲು ಸೇರಿಸಿದ್ರೆ ಮುಗೀತು."

ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಅಣ್ಣನ ಕೈ ನಿಂತಿತು. ಅವನು ಒಂದು ಕಾಲಿನ ಬೂಟನ್ನು ಮತ್ತೆ ಹಾಕಿಕೊಂಡು, ಮೊಳೆಗೆ ನೇತುಹಾಕಿದ್ದ ಕತ್ತರಿ ತೆಗೆದುಕೊಂಡು ಹೊರಗೆ ಹೋದ. ಗುಡ್ಡದ ದಾರಿಯಲ್ಲಿ ಅವನ ಸೀಟಿ ಕೇಳಿಸಿತು.

"ಊಟಕ್ಕೆ ಕೂಗಿದ್ರೆ ಕೇಳಿಸಲ್ಲ ಅವನಿಗೆ ಇನ್ನು" ಎಂದಳು ಅಮ್ಮ. ಕಪಾಟಿನಿಂದ ತೆಗೆದ ತಟ್ಟೆಗಳಲ್ಲಿ ಅವನದನ್ನೂ ಅಂಗಾತ ಇಟ್ಟಳು.

ಅಪ್ಪ ಇನ್ನೂ ನನ್ನ ಹಿಂದೆಯೇ ನಿಂತಿದ್ದರು. "ಬಕೆಟ್ ಹೇಗೆ ಇಡೋದು ಅಂತ ಅಜ್ಜಿ ಹತ್ರ ಕೇಳ್ಕೋ" ಎಂದರು. "ನೀನೇ ಇಡಬೇಕು. ಆ ತೊಟ್ಟಿಗೆ ಬತ್ತಿ ಮಾತ್ರ ಹಚ್ಚಬೇಡ."

"ಹಚ್ಚಲ್ಲ."

"ಹೇಳ್ದೆ ನಾನು. ಆಮೇಲೆ ಯಾರೂ ಹೇಳಲಿಲ್ಲ ಅನ್ನಬೇಡ."

ನಾನು ಹಾಳೆ ತಿರುಗಿಸಿ, ಕೆಳಗೆ ಒಂದು ಸಾಲಿನಷ್ಟು ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ, ಮೊದಲಿನಿಂದ ಬರೆಯಲು ಶುರುಮಾಡಿದೆ.